ಎಂಟನೆಯ ಹಾಡು ನಿಂತಿದ್ದ ಜಾಗ

೪ ಫೆಬ್ರವರಿ

ಸೂಜಿ,

ಫೋನ್ ಮಾಡಬಾರದು ಎಂದಿದ್ದೀಯ, ಮಾಡುತ್ತಿಲ್ಲ. ಒಂದೇ ದಿನ ಒಂಬತ್ತು ಸಲ ಮಾಡಿದ್ದು ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದರಲ್ಲಿ ಎರಡು ಸಲ ನಿನ್ನ ಮಫ್ಲರ್ ಇಲ್ಲೇ ಉಳಿದಿದೆ ಎಂದು ಹೇಳುವುದಕ್ಕೆ, ಒಂದು ಸಲ ಆ ಮಫ್ಲರ್ ನಿನ್ನದಲ್ಲ ನನ್ನದೇ ಎಂದು ಹೇಳುವುದಕ್ಕೆ. ಉಳಿದ ಆರು ಸಲ ಏಕೆ ಮಾಡಿದೆನೋ ನೆನಪಿಲ್ಲ. "ಚಿಕ್ಕಮ್ಮಾ, ನೀನು ಫೋನಲ್ಲಿ ಸುಮ್ನೆ ಉಸಿರಾಡ್ತೀಯ, ನಂಗೆ ಕೆಲಸ ಆಗಲ್ಲ. ಏನಿದ್ರೂ ಬರಿ" ಎಂದೆ. ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕೊಕ್ಕರೆಗೆ ತೋರಿಸಬೇಡ, ನಗುತ್ತಾನೆ. ಅಂದ ಹಾಗೆ ಅವನ ಕಾಲು ಬಸ್ಸಿನ ಸೀಟಿನಲ್ಲಿ ಹಿಡಿಸಿತಾ? ಅಷ್ಟು ಉದ್ದದ ಕಾಲನ್ನು ಹನ್ನೊಂದು ಗಂಟೆ ಮಡಿಚಿಟ್ಟರೆ ರಕ್ತ ಓಡುವುದಿಲ್ಲ, ಹಾಗೇ ಇಳಿದು ನಡೆದರೆ ಬೀಳುತ್ತಾರೆ ಎಂದು ಯಾರೋ ಹೇಳಿದ್ದರು.

ಆ ಸ್ಟುಡಿಯೋದವರು ಹೇಗೆ? ಮನೆ ತುಂಬ ಹಳೆ ಕೀಬೋರ್ಡ್ ಇಟ್ಟುಕೊಂಡು ಒಬ್ಬರೇ ಇರುವ ಗಂಡಸು ಎಂದರೆ ನನಗೆ ಯೋಚನೆಯಾಗುತ್ತದೆ. ಅವರಿಗಿಂತ ಅವರ ತಂತಿಗಳದ್ದೇ ಹೆಚ್ಚು ಯೋಚನೆ. ಮುಟ್ಟುವಾಗ ಕಾಲಿಗೆ ಚಪ್ಪಲಿ ಇರಲಿ. ರಬ್ಬರಿನದು.

ನಿಮ್ಮ ಮೊದಲನೇ ಆಲ್ಬಂ ಇದೇ ಮನೆಯ ಹಿಂದಿನ ರೂಮಿನಲ್ಲಿ ಒಂದು ಲ್ಯಾಪ್‌ಟಾಪಿನಲ್ಲಿ ಆಗಿಹೋಯಿತು. ಗೋಡೆಯ ಈಚೆ ಕೂತು ನಾನು ಗಿರಾಕಿಗಳ ಪ್ಯಾಂಟಿನ ಕಾಲು ಮಡಿಸುತ್ತಿದ್ದೆ, ಆಚೆ ನೀನು ಬಾರಿಸುತ್ತಿದ್ದೆ, ಕೊಕ್ಕರೆ ಹಾಡುತ್ತಿದ್ದ. ಜನ ಅದಕ್ಕೆ ಕುಣಿದರು ಕೂಡ, ನನ್ನ ಕಣ್ಣಾರೆ ಕಂಡಿದ್ದೇನೆ. ಎರಡನೆಯದಕ್ಕೆ ಮಾತ್ರ ನಾನು ಹುಟ್ಟಿದ ಕಾಲದ ಸದ್ದು ಬೇಕು ಎಂದು ಅಷ್ಟು ದೂರ ಹೋಗಬೇಕಾಯಿತಾ? ಆ ಕಾಲದ ಸದ್ದು ಬೇಕಿದ್ದರೆ ನನ್ನ ಮಂಡಿಗಳೇ ಇದ್ದವಲ್ಲ. (ಇದು ತಮಾಷೆ.)

ಮುಚ್ಚಿಹೋದ ಡ್ಯಾನ್ಸ್ ಹಾಲಿನಿಂದ ನೀವಿಬ್ಬರೂ ಹೆಣ ಹೊತ್ತ ಹಾಗೆ ಹೊತ್ತು ತಂದಿರಲ್ಲ, ಆ ಮರದ ಪಕ್ಕೆಯ ಕೀಬೋರ್ಡ್, ಅದು ಹಿಂದಿನ ರೂಮಿನಲ್ಲಿ ಇಟ್ಟಲ್ಲೇ ಇದೆ. ಏಳು ಹಾಡು ಅಲ್ಲಿ ಮುಗಿಸಿಕೊಂಡು ಮೇ ತಿಂಗಳಲ್ಲಿ ಇಲ್ಲಿಗೆ ಬಂದು ಎಂಟನೆಯದನ್ನು ಇದರಲ್ಲೇ ರೆಕಾರ್ಡ್ ಮಾಡುತ್ತೀರಿ, ಅಲ್ಲಿಯತನಕ ಯಾರೂ ಹತ್ತಿರ ಸುಳಿಯಬಾರದು, ಸರಿ. "ಮುಟ್ಟಬೇಡ" ಎಂದು ನೀನು ಅಂಟಿಸಿದ ಚೀಟಿಯನ್ನು ದಿನಾ ಓದುತ್ತೇನೆ. ಮುಟ್ಟುವುದಿಲ್ಲ. ಧೂಳು ಮಾತ್ರ ಕೂರಲು ಬಿಡುವುದಿಲ್ಲ, ಆ ಚಿಂತೆ ನಿನಗೆ ಬೇಡ.

ಮನೆ ಸದ್ದಿಲ್ಲದೆ ಬಿದ್ದಿದೆ. ನನ್ನ ಮೆಷಿನ್ ನಿಲ್ಲಿಸಿದರೆ ಪಕ್ಕದ ಅಂಗಡಿಯ ಗಡಿಯಾರದವರ ಗೋಡೆ ಗಡಿಯಾರಗಳೆಲ್ಲ ಕೇಳುತ್ತವೆ. ಹದಿನಾರೂ ಬೇರೆ ಬೇರೆ ಸಮಯ ಹೇಳುತ್ತವೆ.

ಚಿಲಕ ಹಾಕಿಕೋ. ಎರಡು ಸಲ ನೋಡು.

ಚಿಕ್ಕಮ್ಮ

*

೧೯ ಫೆಬ್ರವರಿ

ಚಿಕ್ಕಮ್ಮ,

ಚಿಲಕ ಇದೆ. ಎರಡು ಸಲ ನೋಡಿದೆ. ಚಪ್ಪಲಿ ರಬ್ಬರಿನದೇ. ಕೊಕ್ಕರೆ ಬಸ್ಸಿಳಿದು ನಿಜವಾಗಿಯೂ ಬಿದ್ದ. ನಿನ್ನ ಪತ್ರ ಬರುವ ಮೊದಲೇ ಬಿದ್ದಿದ್ದ, ಆದ್ದರಿಂದ ನಿನ್ನ ತಪ್ಪಲ್ಲ.

ಸ್ಟುಡಿಯೋದವರನ್ನು ನಾವು ಮಾಸ್ತರು ಅಂತ ಕರೆಯುತ್ತೇವೆ. ಅರವತ್ತೆಂಟು ವರ್ಷ. ಹಗಲೆಲ್ಲ ಯಾವುದಾದರೊಂದು ಕೀಬೋರ್ಡಿನ ಹೊಟ್ಟೆ ಬಿಚ್ಚಿಕೊಂಡು ಬೆಸುಗೆ ಹಾಕುತ್ತಿರುತ್ತಾರೆ, ಮಾತಾಡುವುದು ಕಮ್ಮಿ. ಟೇಪಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇವೆ. ತಪ್ಪಿದರೆ ಮತ್ತೆ ಮೊದಲಿಂದ. ಎರಡು ಹಾಡು ಆಗಿವೆ. ರೂಮಿನ ಕಿಟಕಿ ತೆರೆದರೆ ಎದುರಿಗೆ ಒಂದು ಗೋದಾಮಿನ ಗೋಡೆ, ಅಷ್ಟೇ.

ನಮ್ಮ ಕೀಬೋರ್ಡಿನ ವಿಷಯ. ಹೊರಡುವ ದಿನ ನೀನೂ ನಾನೂ ಸಿಟ್ಟಿನಲ್ಲಿದ್ದೆವು, ಸರಿಯಾಗಿ ಹೇಳಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಅದಕ್ಕೆ ನೆನಪಿಲ್ಲ ಚಿಕ್ಕಮ್ಮ. ಈಗಿನ ಕೀಬೋರ್ಡಿನಲ್ಲಿ ಒಂದು ಸದ್ದು ಮಾಡಿ ಉಳಿಸಿಟ್ಟರೆ ಬೇಕಾದಾಗ ಬರುತ್ತದೆ. ಅದರಲ್ಲಿ ಹಾಗಿಲ್ಲ. ಇಪ್ಪತ್ತೇಳು ಗುಂಡಿಗಳಿವೆಯಲ್ಲ, ರೇಡಿಯೋದ್ದರ ಹಾಗೆ ತಿರುಗಿಸುವಂಥವು, ಅವು ಯಾವ್ಯಾವ ಕಡೆ ಮುಖ ಮಾಡಿ ನಿಂತಿವೆಯೋ ಅದೇ ಸದ್ದು. ಕೂದಲೆಳೆಯಷ್ಟು ತಿರುಗಿದರೂ ಬೇರೆಯದು. ಎಂಟನೆಯ ಹಾಡಿನ ಸದ್ದು ಸಿಗುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ನಿನ್ನ ಡಬ್ಬಿಯಿಂದ ಚಾಕ್ ಕದ್ದು ಪ್ರತಿ ಗುಂಡಿಯ ಪಕ್ಕ ಒಂದೊಂದು ಸಣ್ಣ ಗೆರೆ ಎಳೆದಿದ್ದೇನೆ. ಯಾವುದಾದರೂ ಜರುಗಿದರೆ ಗೆರೆ ನೋಡಿ ಸರಿಮಾಡಬಹುದು. ಫೋಟೋ ತೆಗಿ ಅಂತ ಕೊಕ್ಕರೆ ಬಡಕೊಂಡ. ತೆಗೆದೆ, ಬೆಳಕು ಹೊಳೆದು ಅರ್ಧ ಗುಂಡಿ ಕಾಣುವುದೇ ಇಲ್ಲ. ಫೋನಿನಲ್ಲಿ ಒಂದು ತುಣುಕು ರೆಕಾರ್ಡ್ ಇದೆ, ಅದರಲ್ಲಿ ಗೋಡೆಯಾಚೆಯ ನಿನ್ನ ಮೆಷಿನ್ನೇ ಜೋರು.

ಹಾಗಾಗಿ ಧೂಳು ಕೂತರೂ ಪರವಾಗಿಲ್ಲ. ಬಿಡು. ಕೂರಲಿ.

ಸೂಜಿ

*

೨೮ ಫೆಬ್ರವರಿ

ಸೂಜಿ,

ಇದನ್ನು ಕಳಿಸುವುದಿಲ್ಲ. ಬರೆದು ಗುಂಡುಸೂಜಿಯ ಡಬ್ಬಿಯಲ್ಲಿ ಇಡುತ್ತೇನೆ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ನಿನ್ನ ಪತ್ರ ಇವತ್ತು ಬಂತು. ನಾನು ಒರೆಸಿದ್ದು ಈ ತಿಂಗಳ ಐದಕ್ಕೆ.

ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ. ಗುಂಡಿಗಳ ಪಕ್ಕ ಬಿಳಿ ಗೆರೆಗಳಿದ್ದವು. ಚಾಕಿನ ಗೆರೆ ಕಂಡರೆ ನನ್ನ ಕೈ ತಾನಾಗಿ ಹೋಗುತ್ತದೆ. ಮೂವತ್ತು ವರ್ಷದ ಚಾಳಿ. ಹೊಲಿದು ಮುಗಿದ ಬಟ್ಟೆಯ ಮೇಲೆ ಗೆರೆ ಉಳಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ, ನಿನ್ನ ಅಮ್ಮ ನನಗೆ ಮೊದಲು ಕಲಿಸಿದ್ದೇ ಅದು. ಕೀಬೋರ್ಡ್ ಮುಗಿದ ಬಟ್ಟೆಯಲ್ಲ ಎಂದು ನನಗೆ ಹೊಳೆಯಲಿಲ್ಲ. ಮುಟ್ಟಬೇಡ ಎಂದರೆ ಬಾರಿಸಬೇಡ ಎಂದುಕೊಂಡೆ. ಒರೆಸುವುದು ಮುಟ್ಟಿದ ಹಾಗೆ ಎಂದು ಈ ಜನ್ಮದಲ್ಲಿ ಯಾವತ್ತೂ ಅನಿಸಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಗುಂಡಿಗಳು ಒಂದೊಂದೂ ಒಂದೊಂದು ಕಡೆ ನೋಡುತ್ತಿದ್ದವು. ಎಲ್ಲವನ್ನೂ ನೆಟ್ಟಗೆ ಮೇಲಕ್ಕೆ ತಿರುಗಿಸಿ ಸಾಲು ಮಾಡಿದೆ. ಯೂನಿಫಾರ್ಮ್ ತೊಟ್ಟ ಮಕ್ಕಳು ಸಾಲಾಗಿ ನಿಂತ ಹಾಗೆ ಕಂಡಿತು. ದೂರ ನಿಂತು ನೋಡಿ ಸಂತೋಷಪಟ್ಟೆ ಕೂಡ.

ನನ್ನ ಕೈಗೆ ಕೆಲಸವಿಲ್ಲದಿದ್ದರೆ ಹೆದರಿಕೆ ಬರುತ್ತದೆ, ಹೆದರಿಕೆ ಬಂದರೆ ಏನನ್ನಾದರೂ ಒರೆಸುತ್ತೇನೆ, ಇಲ್ಲವೇ ತೊಳೆಯುತ್ತೇನೆ. ನಿನಗೆ ಗೊತ್ತು. ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಿನ್ನ ಅಮ್ಮ ಹೋದ ಮೂರನೆಯ ದಿನ ಅವಳ ನೀಲಿ ಕೋಟು ತೊಳೆದೆ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಹಾಗೇ ಇತ್ತು, ನೋಡಲಾಗಲಿಲ್ಲ, ತೊಳೆದುಬಿಟ್ಟೆ. ಎಂಟು ವರ್ಷದವಳು ನೀನು, ಶಾಲೆಯಿಂದ ಬಂದು, ತಂತಿಯ ಮೇಲೆ ತೊಟ್ಟಿಕ್ಕುತ್ತಿದ್ದ ಕೋಟಿಗೆ ಮುಖ ಒತ್ತಿಕೊಂಡು ನಿಂತೆ. ಆಮೇಲೆ ನನ್ನ ಕಡೆ ತಿರುಗಿ "ಸೋಪಿನ ವಾಸನೆ" ಎಂದೆ.

ಅಷ್ಟೇ. ಆಮೇಲೆ ನನ್ನ ಹತ್ತಿರ ಮಾತಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ದಿನಕ್ಕೊಂದು ಚಾಕ್ ಗೆರೆ ಹಾಕಿದೆ. ಮೂವತ್ತು ಗೆರೆ. ಮೂವತ್ತೊಂದನೆಯ ದಿನ ಊಟಕ್ಕೆ ಕೂತವಳು "ಉಪ್ಪು ಕಮ್ಮಿ" ಎಂದೆ. ಅಷ್ಟು ಒಳ್ಳೆಯ ಮಾತನ್ನು ನನಗೆ ಮತ್ತೆ ಯಾರೂ ಆಡಿಲ್ಲ.

ಅದೇ ಕೆಲಸವನ್ನು ಎರಡನೆಯ ಸಲ ಮಾಡಿದ್ದೇನೆ. ಹೇಗೆ ಹೇಳಲಿ?

ಚಿಕ್ಕಮ್ಮ

*

೨೮ ಫೆಬ್ರವರಿ

ಸೂಜಿ,

ಇಲ್ಲಿ ಎಲ್ಲ ಚೆನ್ನಾಗಿದೆ. ಕೀಬೋರ್ಡ್ ಇಟ್ಟಲ್ಲೇ ಇದೆ. ಶಾಲೆಯ ಯೂನಿಫಾರ್ಮಿನ ಕೆಲಸ ಬಂದಿದೆ, ನಲವತ್ತು ಲಂಗ, ಎಲ್ಲ ಒಂದೇ ಬೂದು ಬಣ್ಣ.

ಸುಮ್ಮನೆ ಕೇಳುತ್ತೇನೆ. ಆ ಎಂಟನೆಯ ಹಾಡಿನ ಸದ್ದು ಮೇಲಿಂದ ಕೆಳಗೆ ಇಳಿಯುತ್ತಿತ್ತಲ್ಲ, ಅಥವಾ ಕೆಳಗಿಂದ ಮೇಲೆ ಹೋಗುತ್ತಿತ್ತಾ? ತುಂಬ ಜೋರಿನದಾ? ಗುಂಡಿಗಳಲ್ಲಿ ಯಾವುದು ಹೆಚ್ಚು ಮುಖ್ಯ? ಗಡಿಯಾರದವರು ಕೇಳುತ್ತಿದ್ದರು, ಅದಕ್ಕೆ.

ಹೊಟ್ಟೆ ತುಂಬ ತಿನ್ನು. ಬ್ರೆಡ್ಡಿನಲ್ಲೇ ದಿನ ಕಳೆಯಬೇಡ.

ಚಿಕ್ಕಮ್ಮ

*

೨೩ ಮಾರ್ಚ್

ಚಿಕ್ಕಮ್ಮ,

ಗಡಿಯಾರದವರಿಗೆ ಯಾವಾಗಿನಿಂದ ನಮ್ಮ ಹಾಡಿನ ಮೇಲೆ ಇಷ್ಟು ಪ್ರೀತಿ? ಮೊದಲನೇ ಆಲ್ಬಂ ಕೇಳಿ "ಏನಮ್ಮಾ, ಫ್ರಿಜ್ಜು ಕೆಟ್ಟಿದ್ಯಾ?" ಅಂದವರು ಅವರೇ ಅಲ್ಲವಾ? ಇಳಿಯುವ ಸದ್ದು ಅಂತ ಹೇಳು. ಎಲ್ಲಾ ಗುಂಡಿಗಳೂ ಮುಖ್ಯ ಅಂತ ಹೇಳು.

ಐದು ಹಾಡು ಆಗಿವೆ. ಚೆನ್ನಾಗಿಯೇ ಬಂದಿವೆ. ಮಾಸ್ತರು ಐದನೆಯದನ್ನು ಕೇಳಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಹೊಗಳಿದರಾ, ನಿದ್ದೆ ಬಂದಿತ್ತಾ ಗೊತ್ತಾಗಲಿಲ್ಲ.

ಕೊಕ್ಕರೆ ಮೊನ್ನೆ ಒಂದು ಮಾತು ಹೇಳಿದ. ಈ ಆಲ್ಬಂ ಮುಗಿದ ಮೇಲೆ ಅವನಿಲ್ಲ. ಅವನ ಅಕ್ಕನ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಸಿಕ್ಕಿದೆಯಂತೆ. "ನೀನೊಬ್ಬಳೇ ಮುಂದುವರಿಸು, ನಿಂಗೇನು, ನಾನು ಬರೀ ಗಂಟಲು" ಅಂದ. ಜಗಳವಾಡೋಣ ಅಂದುಕೊಂಡೆ, ಆಗಲಿಲ್ಲ. ಅವನು ನಿಜವಾಗಿಯೂ ಚೆನ್ನಾಗಿ ಈಜುತ್ತಾನೆ. ಈಗ ಅವನು ಹಾಡುವಾಗ ಗಾಜಿನ ಈಚೆ ಕೂತು ನಾನು ಅವನ ಬಾಯಿ ನೋಡುತ್ತಿರುತ್ತೇನೆ. ಆರು ವರ್ಷದಿಂದ ನೋಡಿದ ಬಾಯಿ. ಇನ್ನು ಮೂರು ಹಾಡು.

ಎಂಟನೆಯದೊಂದು ಸರಿಯಾಗಿ ಆದರೆ ಸಾಕು. ಉಳಿದ ಏಳನ್ನೂ ಅದಕ್ಕಾಗಿಯೇ ಮಾಡುತ್ತಿರುವ ಹಾಗಿದೆ. ಮೇ ಹತ್ತಕ್ಕೆ ಬರುತ್ತೇವೆ.

ಆ ಸದ್ದು ಏನು ಅಂತ ನಾನು ಯಾರಿಗೂ ಹೇಳಿಲ್ಲ, ಕೊಕ್ಕರೆಗೂ. ಹದಿನಾಲ್ಕು ತಿಂಗಳು ನೀನು ಗೋಡೆಯಾಚೆ ಕೂತಿದ್ದೆಯಲ್ಲ. ಒಂದು ದಿನವಾದರೂ ಬಂದು ಕೇಳುತ್ತೀಯ ಅಂದುಕೊಂಡಿದ್ದೆ. ಕೇಳಲಿಲ್ಲ. ಇರಲಿ.

ಸೂಜಿ

*

೧೨ ಏಪ್ರಿಲ್

ಸೂಜಿ,

ಇದೂ ಡಬ್ಬಿಗೆ.

ಮೂರು ವಾರದಿಂದ ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ರೂಮಿಗೆ ಹೋಗುತ್ತೇನೆ. ಸ್ವಿಚ್ ಹಾಕಿ ಇಪ್ಪತ್ತು ನಿಮಿಷ ಕಾಯುತ್ತೇನೆ, ಅದು ಬಿಸಿಯಾಗುವ ತನಕ ಸರಿಯಾಗಿ ನುಡಿಯುವುದಿಲ್ಲ ಎಂದು ನೀನು ಕೊಕ್ಕರೆಗೆ ಹೇಳುತ್ತಿದ್ದದ್ದು ಕೇಳಿಸಿಕೊಂಡಿದ್ದೆ. ಚಪ್ಪಲಿ ಹಾಕಿಕೊಂಡೇ ಕೂರುತ್ತೇನೆ. ಎರಡು ಕೀ ಒಟ್ಟಿಗೆ ಒತ್ತಿದರೂ ಅದು ಒಂದೇ ಸ್ವರ ಹೊರಡಿಸುತ್ತದೆ. ಕೆಟ್ಟುಹೋಯಿತು ಎಂದು ಒಂದು ದಿನ ಪೂರ್ತಿ ಅತ್ತೆ. ಆಮೇಲೆ ತಿಳಿಯಿತು, ಅದರ ಜಾತಿಯೇ ಹಾಗೆ, ಒಂದು ಸಲಕ್ಕೆ ಒಂದೇ.

ಮೊದಲನೆಯ ವಾರ ಸೊಳ್ಳೆ. ಆಮೇಲೆ ಲಾರಿ ಹಾರ್ನ್. ಒಂದು ದಿನ ಹಸಿದ ಬೆಕ್ಕು ಎಷ್ಟು ಚೆನ್ನಾಗಿ ಬಂತೆಂದರೆ ಗಡಿಯಾರದವರು ಕಣ್ಣಿನ ಭೂತಗನ್ನಡಿ ತೆಗೆಯದೆ ಹಾಗೇ ಓಡಿ ಬಂದರು.

"ಏನ್ರೀ ಅಮ್ಮಾ, ಯಾವ ಪ್ರಾಣಿ ಸಾಕಿದೀರಿ?"

"ಪ್ರಾಣಿ ಅಲ್ಲ, ನನ್ನ ಕರ್ಮ" ಎಂದೆ. ಬೇರೆ ಯಾರಿಗೆ ಹೇಳಲಿ, ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಗುಂಡಿಗಳನ್ನು ಬಗ್ಗಿ ನೋಡಿದರು. "ಒಳಗೇನಾದ್ರೂ ಕೆಟ್ಟಿದ್ರೆ ನಾನು ನೋಡ್ತಿದ್ದೆ. ಇದು ಸರಿಯಾಗೇ ಇದೆಯಲ್ರೀ, ಅದೇ ಕಷ್ಟ. ಹೋಗ್ಲಿ, ಆ ಸದ್ದು ಯಾವುದರ ಹಾಗಿತ್ತು ಹೇಳಿ."

ನನಗೆ ಹೇಳಲಾಗಲಿಲ್ಲ. ಹದಿನಾಲ್ಕು ತಿಂಗಳು ಕೇಳಿದ್ದೇನೆ. ಕೇಳಿದಾಗಲೆಲ್ಲ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೂ ಗಟ್ಟಿ ಹಿಡಿದು ಹೊಲಿಯುತ್ತಿದ್ದೆ.

ಇವತ್ತು ಬೆಳಗ್ಗೆ ಮೂವತ್ತೆಂಟನೆಯ ಲಂಗದ ಅಂಚು ಹೊಲಿಯುತ್ತಿದ್ದೆ. ಗಿರಾಕಿ ಬಾಗಿಲು ಬಡಿದಳು. ಚಿಲಕ ಹಾಕಿತ್ತು, ತೆಗೆಯೋಣ ಎಂದು ಮೆಷಿನ್ನಿನ ಪೆಡಲಿನಿಂದ ಕಾಲೆತ್ತಿದೆ. ಚಕ್ರ ಎರಡು ಸುತ್ತು ಸುಮ್ಮನೆ ತಿರುಗಿತು, ಸದ್ದು ಇಳಿಯುತ್ತಾ ಇಳಿಯುತ್ತಾ ಹೋಗಿ ತಾನಾಗಿ ನಿಂತಿತು. ಅರೆ, ಇದೇ ಅಲ್ಲವಾ ಎನಿಸಿತು. ಆದರೆ ಇದಲ್ಲ. ನಿನ್ನ ಸದ್ದು ಪೂರ್ತಿ ಇಳಿಯುತ್ತಿರಲಿಲ್ಲ. ಕೊನೆ ಮುಟ್ಟುವ ಮೊದಲೇ ಮೆತ್ತಗೆ ನಿಂತುಬಿಡುತ್ತಿತ್ತು, ಏನೋ ಹೇಳಲು ಹೊರಟವರು ಬಾಯಿ ಮುಚ್ಚಿಕೊಂಡ ಹಾಗೆ.

ಆಗ ತಿಳಿಯಿತು. ಗಿರಾಕಿ ಬಡಿದು ಬಡಿದು ಹೋದಳು.

ಇದು ನಿನ್ನ ಅಮ್ಮನ ಮೆಷಿನ್. ನಾನು ಕಾಲೆತ್ತಿ ಸುಮ್ಮನಿರುತ್ತೇನೆ, ಚಕ್ರ ತನಗೆ ಬೇಕಾದಾಗ ನಿಲ್ಲುತ್ತದೆ. ಅಕ್ಕ ಹಾಗಲ್ಲ. ಕಾಲೆತ್ತಿದ ಕೂಡಲೇ ಬಲಗೈಯ ಅಂಗೈಯನ್ನು ಚಕ್ರದ ಮೇಲೆ ಇಟ್ಟು ನಿಲ್ಲಿಸುತ್ತಿದ್ದಳು, ಮಗುವಿನ ತಲೆ ಮುಟ್ಟುವ ಹಾಗೆ. ಯಾವಾಗಲೂ ಅಲ್ಲ. ಹೊಲಿಗೆಯ ಮಧ್ಯೆ ಹಾಗೆ ನಿಲ್ಲಿಸುತ್ತಿದ್ದದ್ದು ಒಂದೇ ಹೊತ್ತಿಗೆ. ನೀನು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಾಗ. ನಿಲ್ಲಿಸಿ, ತಲೆಯೆತ್ತಿ ನೋಡುತ್ತಿದ್ದಳು.

ಹದಿನಾಲ್ಕು ತಿಂಗಳು ನೀನು ಗೋಡೆಯಾಚೆಯಿಂದ ಅದನ್ನು ನನಗೆ ಕೇಳಿಸುತ್ತಿದ್ದೆ. ನಾನು ಲಂಗ ಹೊಲಿಯುತ್ತಿದ್ದೆ.

ಚಿಕ್ಕಮ್ಮ

*

೨೧ ಏಪ್ರಿಲ್

ಸೂಜಿ,

ಈ ಕವರಿನಲ್ಲಿ ಇನ್ನೂ ಎರಡು ಪತ್ರಗಳಿವೆ. ಗುಂಡುಸೂಜಿ ಚುಚ್ಚಿದ ತೂತುಗಳಿವೆ, ತುಕ್ಕಿನ ಕಲೆಯೂ ಇದೆ. ತಾರೀಖು ನೋಡಿ ಮೊದಲು ಅವನ್ನು ಓದಿ ಆಮೇಲೆ ಇದನ್ನು ಓದು.

ಮೇ ಹತ್ತಕ್ಕೆ ನೀವು ಬಂದು, ಸ್ವಿಚ್ ಹಾಕಿ, ಆ ಜಾಗ ಬದಲಾದ ಗುಂಡಿಗಳನ್ನು ನೀನು ನೋಡುವ ಆ ಒಂದು ಗಳಿಗೆಯನ್ನು ಎದುರಿಗೆ ನಿಂತು ನೋಡುವ ಧೈರ್ಯ ನನಗಿಲ್ಲ. ಅದಕ್ಕೇ ಕಳಿಸುತ್ತಿದ್ದೇನೆ. ಹೇಡಿ ಅನ್ನು, ಒಪ್ಪುತ್ತೇನೆ.

ಏನೆಂದು ಗೊತ್ತಾದ ಮೇಲೆ ಮತ್ತೆ ಹುಡುಕಿದೆ. ಒಂಬತ್ತು ದಿನ. ಒಂದು ಕೈಯಲ್ಲಿ ಮೆಷಿನ್ನಿನ ಚಕ್ರ ತಿರುಗಿಸಿ ಕೇಳುವುದು, ಎದ್ದು ಹೋಗಿ ಗುಂಡಿ ತಿರುಗಿಸುವುದು, ಮತ್ತೆ ಬಂದು ಚಕ್ರ. ಈಗ ಇಳಿಯುವುದು ಬಂದಿದೆ. ಕೊನೆಯ ಆ ಅಂಗೈಯೂ ಸುಮಾರಾಗಿ ಬಂದಿದೆ. ಆದರೆ ಏನೋ ಕಟ್ಟಿಕೊಂಡಿದೆ, ಮೂಗಿನಲ್ಲಿ ನುಡಿದ ಹಾಗೆ. ಅಕ್ಕನೇ, ಆದರೆ ನೆಗಡಿಯಾದ ಅಕ್ಕ. ಇದಕ್ಕಿಂತ ಹತ್ತಿರ ನನ್ನ ಕೈಯಲ್ಲಾಗದು. ಇಪ್ಪತ್ತೇಳು ಗುಂಡಿಗಳಿಗೂ ಚಾಕಿನಲ್ಲಿ ಗೆರೆ ಎಳೆದಿದ್ದೇನೆ. ಒರೆಸುವುದಿಲ್ಲ.

ಬಿಸಿ ಏನಾದರೂ ಕುಡಿದು ಕೂತು ಓದು. ನಿಂತು ಓದಬೇಡ.

ಚಿಕ್ಕಮ್ಮ

*

೩ ಮೇ

ಚಿಕ್ಕಮ್ಮ,

ಕೂತೇ ಓದಿದೆ.

ನೆಗಡಿಯಾದ ಅಕ್ಕ ಅಂದೆಯಲ್ಲ, ಅಲ್ಲಿ ನಗು ಬಂತು. ನಕ್ಕಿದ್ದಕ್ಕೇ ಇನ್ನೂ ಸಿಟ್ಟು ಬಂತು.

ಹತ್ತಕ್ಕೆ ಬರುವುದಿಲ್ಲ. ಒಂದು ತಿಂಗಳು ಬರೆಯಬೇಡ. ನಾನೂ ಬರೆಯುವುದಿಲ್ಲ. ಬೇಕಿದ್ದರೆ ಮೇಜಿಗೆ ಗೆರೆ ಹಾಕಿಕೋ.

ಸೂಜಿ

*

೩ ಜೂನ್

ಚಿಕ್ಕಮ್ಮ,

ಉಪ್ಪು ಕಮ್ಮಿ.

ಮಾಸ್ತರ ಅಡುಗೆಯಲ್ಲಿ. ಅವರಿಗೆ ರಕ್ತದೊತ್ತಡವಂತೆ, ಅದಕ್ಕೆ ಈ ಮನೆಯಲ್ಲಿ ಯಾರೂ ಉಪ್ಪು ತಿನ್ನುವ ಹಾಗಿಲ್ಲ. ಇವತ್ತು ಊಟಕ್ಕೆ ಕೂತಾಗ ಆ ಮಾತು ತಾನಾಗಿ ಬಾಯಿಗೆ ಬಂತು. ಎದುರಿಗೆ ನೀನಿರಲಿಲ್ಲ. ಅವರು ಬೇಜಾರು ಮಾಡಿಕೊಂಡರು. ಕ್ಯಾಲೆಂಡರ್ ನೋಡಿದರೆ ಮೂವತ್ತೊಂದು ದಿನವಾಗಿತ್ತು. ಬೇಕಂತ ಎಣಿಸಿರಲಿಲ್ಲ, ಆಣೆ.

ಎಂಟನೆಯ ಹಾಡು ಆಯಿತು. ಇಲ್ಲೇ. ಆ ಸದ್ದನ್ನು ಇಲ್ಲಿ ಹುಡುಕಿದೆ, ಹನ್ನೊಂದು ಕೀಬೋರ್ಡ್‌ಗಳಿವೆ, ಎರಡು ವಾರ ಹುಡುಕಿದೆ, ಸಿಗಲಿಲ್ಲ. ಕೋಪದಲ್ಲಿ ಬೇಗ ಹುಡುಕಿದರೆ ಸಿಗುವಂಥದ್ದಲ್ಲ ಅದು. ನಿನಗೆ ಒಂದು ವಿಷಯ ಹೇಳಬೇಕು. ಜನವರಿಯಲ್ಲೇ ಅದು ಸಿಕ್ಕಿತ್ತು, ಹೊರಡುವ ಮೊದಲು ರೆಕಾರ್ಡ್ ಮಾಡಬಹುದಿತ್ತು. ಕೊಕ್ಕರೆ ದಿನಾ ಹೇಳುತ್ತಿದ್ದ. ನಾನೇ ಮೇ ಅಂದೆ. ಟೇಪಿಗೆ ಹೋದರೆ ಮುಗಿದುಹೋಗುತ್ತದೆ ಅನ್ನಿಸುತ್ತಿತ್ತು. ಮನೆಯಲ್ಲಿ, ಗೋಡೆಯ ಆಚೆ ನೀನಿರುವಾಗ, ಗುಂಡಿಗಳಲ್ಲಿ ಹಾಗೇ ನಿಂತಿರಲಿ ಅಂತ. ಹಾಗಾಗಿ ಪೂರ್ತಿ ನಿನ್ನ ತಪ್ಪಲ್ಲ. ಮುಕ್ಕಾಲು ನಿನ್ನದು.

ಕೊನೆಗೆ ಏನು ಮಾಡಿದೆ ಅಂದರೆ, ಕೊಕ್ಕರೆಗೆ ಹಾಡು ಅಂದೆ, ಆ ಸದ್ದು ಬರಬೇಕಾದ ಜಾಗವನ್ನು ಖಾಲಿ ಬಿಟ್ಟೆ. ನಾಲ್ಕು ಕಡೆ ಬರುತ್ತದೆ. ಪ್ರತಿ ಸಲವೂ ಎಲ್ಲ ನಿಲ್ಲುತ್ತದೆ, ತಾಳವೂ ನಿಲ್ಲುತ್ತದೆ, ಏನೂ ಇಲ್ಲ, ಆಮೇಲೆ ಅವನು ಮುಂದಿನ ಸಾಲು ಎತ್ತಿಕೊಳ್ಳುತ್ತಾನೆ. ಟೇಪು ಹಾಳಾಗಿದೆ ಅಂತ ಮಾಸ್ತರು ಮೆಷಿನ್ ಬಿಚ್ಚಲು ಹೊರಟಿದ್ದರು. ಅದು ಸ್ಟೈಲು ಅಂತ ಕೊಕ್ಕರೆ ಅಂದುಕೊಂಡಿದ್ದಾನೆ. ಅಂದುಕೊಳ್ಳಲಿ. ನಿನಗೆ ಗೊತ್ತಲ್ಲ.

ಅವನು ಮರುದಿನವೇ ಹೊರಟ. ಬಸ್ಸಿನಲ್ಲಿ ಕಾಲು ಮಡಿಚಿ ಕೂತು ಕಿಟಕಿಯಿಂದ ಕೈ ಬೀಸಿದ. ಆರು ವರ್ಷಕ್ಕೆ ಅಷ್ಟೇ. ಏನು ಹೇಳುತ್ತಾರೆ ಇಂಥ ಹೊತ್ತಿನಲ್ಲಿ, ನನಗೆ ಬರುವುದಿಲ್ಲ, ಅವನಿಗೂ ಬರಲಿಲ್ಲ. "ನೀರಲ್ಲಿ ಹುಷಾರು" ಅಂದೆ. ನಿನ್ನ ಹಾಗೇ.

ನಾನು ಇನ್ನೂ ಸ್ವಲ್ಪ ದಿನ ಇಲ್ಲೇ ಇರುತ್ತೇನೆ. ಮಾಸ್ತರ ಕೈ ನಡುಗುತ್ತದೆ, ಬೆಸುಗೆ ಹಾಕುವುದಕ್ಕೆ ಒಬ್ಬರು ಬೇಕು. ರೂಮಿನಲ್ಲಿ ಎರಡನೆಯ ಮಂಚ ಖಾಲಿ ಇದೆ, ಅದರ ಮೇಲೆ ನಾನು ಬಟ್ಟೆ ಹರಡುತ್ತೇನೆ, ಯಾರೋ ಇದ್ದ ಹಾಗೆ ಕಾಣಲಿ ಅಂತ. ಬರುತ್ತೇನೆ. ಯಾವಾಗ ಅಂತ ಕೇಳಬೇಡ.

ನೆಗಡಿಯಾದ ಅಮ್ಮನನ್ನು ಹಾಗೇ ಇಟ್ಟಿರು. ಸರಿಮಾಡಲು ಹೋಗಬೇಡ. ಒಂದು ಗುಂಡಿಯನ್ನೂ.

ಆಲ್ಬಂ ಕ್ಯಾಸೆಟ್ಟಿನಲ್ಲೂ ಬರುತ್ತಿದೆ, ಹಳೆಯ ಸದ್ದು ಇಷ್ಟಪಡುವವರಿಗೆ ಅದೇ ಬೇಕಂತೆ. ಮೊದಲನೆಯದನ್ನು ನಿನಗೆ ಕಳಿಸುತ್ತೇನೆ.

ಸೂಜಿ

*

೧೧ ಜುಲೈ

ಸೂಜಿ,

ಕ್ಯಾಸೆಟ್ ಬಂದು ಆರು ದಿನವಾಯಿತು. ಈ ಸಲ ಹಾಕಿದ ಮೂವತ್ತು ಗೆರೆಯೂ ಮೇಜಿನ ಮೇಲೆ ಹಾಗೇ ಇವೆ, ಅವುಗಳ ಪಕ್ಕದಲ್ಲೇ ಕ್ಯಾಸೆಟ್ ಇಟ್ಟು ಮೊದಲ ಮೂರು ದಿನ ನೋಡುತ್ತಿದ್ದೆ. ನನ್ನ ಹತ್ತಿರ ಅದನ್ನು ಹಾಕುವುದಕ್ಕೆ ಏನೂ ಇರಲಿಲ್ಲ, ಗಡಿಯಾರದವರು ತಮ್ಮ ಹಳೆಯ ಪ್ಲೇಯರ್ ತಂದುಕೊಟ್ಟರು. ಅವರೂ ಕೇಳಲು ಕೂರುತ್ತೇನೆ ಎಂದರು, ಬೇಡ ಎಂದೆ. ಬೇಸರವಾಗಿರಬೇಕು. ನಾಳೆ ಕೇಳಿಸುತ್ತೇನೆ. ಫ್ರಿಜ್ಜಿನ ಮಾತು ಎತ್ತಿದರೆ ವಾಪಸು ಕಳಿಸುತ್ತೇನೆ.

ಕ್ಯಾಸೆಟ್ಟಿನ ಹೊದಿಕೆಯಲ್ಲಿ ನಿಮ್ಮಿಬ್ಬರ ಮುಖ ಇಲ್ಲ, ಬೆನ್ನು ಮಾತ್ರ ಇದೆ. ಅವನ ಶರಟಿನ ಹೊಲಿಗೆ ತೋಳಿನ ಹತ್ತಿರ ಬಿಟ್ಟಿದೆ. ಫೋಟೋ ತೆಗೆಯುವ ಮೊದಲು ಯಾರಾದರೂ ಒಂದು ಹೊಲಿಗೆ ಹಾಕಬಾರದಿತ್ತಾ?

ಏಳು ಹಾಡನ್ನೂ ಹೊಲಿಯುತ್ತಾ ಕೇಳಿದೆ. ಹಾಗೆ ಕೇಳಿಯೇ ಅಭ್ಯಾಸ. ಚೆನ್ನಾಗಿವೆ ಎಂದು ನಾನು ಹೇಳಿದರೆ ಅದಕ್ಕೇನು ಬೆಲೆ, ಆದರೂ ಚೆನ್ನಾಗಿವೆ. ಮೂರನೆಯದರಲ್ಲಿ ಒಂದು ಸದ್ದು ಇದೆ, ದೊಡ್ಡ ಖಾಲಿ ಹಾಲಿನಲ್ಲಿ ಯಾರೋ ದೀಪಗಳನ್ನು ಒಂದೊಂದಾಗಿ ಆರಿಸಿದ ಹಾಗೆ. ಐದನೆಯದನ್ನು ಕೇಳಿ ಮಾಸ್ತರು ಮುಖ ತೊಳೆದದ್ದು ನಿದ್ದೆಗಲ್ಲ.

ಎಂಟನೆಯದು ಶುರುವಾಯಿತು. ಮೊದಲನೆಯ ಖಾಲಿ ಜಾಗ ಬಂದಾಗ, ನೀನು ಬರೆದದ್ದು ಗೊತ್ತಿದ್ದರೂ, ಟೇಪು ಸಿಕ್ಕಿಕೊಂಡಿತು ಎಂದು ಓಡಿ ಹೋದೆ. ಅಷ್ಟರಲ್ಲಿ ಅವನು ಹಾಡತೊಡಗಿದ. ಎರಡನೆಯ ಸಲ ಕೂತಲ್ಲೇ ಇದ್ದೆ. ಕಾಲು ನಡೆಯುತ್ತಿತ್ತು, ಆ ಖಾಲಿಯಲ್ಲಿ ನನ್ನ ಮೆಷಿನ್ ಒಂದೇ ಗರಗರ ಎನ್ನುತ್ತಿತ್ತು. ನಾಚಿಕೆಯಾಯಿತು. ಮೂರನೆಯ ಸಲ ಕಾಲೆತ್ತಿದೆ. ಚಕ್ರ ಎಂದಿನ ಹಾಗೇ ತಿರುಗಿ ತಾನಾಗಿ ನಿಂತಿತು.

ನಾಲ್ಕನೆಯದಕ್ಕೆ ಕಾಲೆತ್ತಿ ಅಂಗೈ ಇಟ್ಟೆ.

ಹತ್ತೊಂಬತ್ತು ವರ್ಷದಿಂದ ಇದೇ ಮೆಷಿನ್ನಿನಲ್ಲಿ ಹೊಲಿದಿದ್ದೇನೆ, ಒಂದು ಸಲವೂ ಹಾಗೆ ನಿಲ್ಲಿಸಿರಲಿಲ್ಲ. ಅದು ಅವಳದು, ನಾನು ಮಾಡಬಾರದು ಎಂದೇನೋ ಇತ್ತು. ನಿಂತಿತು. ಅದೇ ಸದ್ದು ಸೂಜಿ. ನೆಗಡಿ ಇರಲಿಲ್ಲ.

ಅವಳು ಮಾಡುತ್ತಿದ್ದ ಹಾಗೇ ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಚಿಲಕ ಹಾಕಿದ ಬಾಗಿಲು ಕಂಡಿತು. ಅವನು ಕೊನೆಯ ಸಾಲು ಹಾಡಿ ಮುಗಿಸಿದ, ಟೇಪು ಸ್ವಲ್ಪ ಹೊತ್ತು ಉಸಿರಾಡಿ ಟಕ್ ಎಂದು ನಿಂತಿತು.

ಕೀಬೋರ್ಡಿನ ಮೇಲೆ ಧೂಳು ಚೆನ್ನಾಗಿ ಕೂತಿದೆ. ಬೆಳಗಿನ ಬಿಸಿಲು ಬಿದ್ದರೆ ಬಾಗಿಲಿನಿಂದಲೇ ಕಾಣುತ್ತದೆ, ನನ್ನ ಬೆರಳುಗಳೆಲ್ಲ ಕಡಿಯುತ್ತವೆ. ಒರೆಸುವ ಬಟ್ಟೆಯನ್ನು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ, ಕುರ್ಚಿ ಹಾಕಿಕೊಂಡು ಹತ್ತಿದರೆ ಮಾತ್ರ ಸಿಗುತ್ತದೆ. ಕುರ್ಚಿಯಿಂದ ಬೀಳುತ್ತೇನೆ ಎಂಬ ಭಯಕ್ಕೆ ಹತ್ತುವುದಿಲ್ಲ.

ಯಾವಾಗ ಎಂದು ಕೇಳುವುದಿಲ್ಲ. ಮೊನ್ನೆಯಿಂದ ಸಂಜೆ ಶಾಲೆ ಬಿಡುವ ಹೊತ್ತಿಗೆ ಬಾಗಿಲ ಚಿಲಕ ತೆಗೆದಿಟ್ಟು ಹೊಲಿಯಲು ಕೂರುತ್ತೇನೆ. ಕತ್ತಲಾಗುವ ತನಕ. ಹೆದರಿಕೆಯಾಗುತ್ತದೆ, ಆದರೂ ತೆಗೆದಿಡುತ್ತೇನೆ.

ಚಿಕ್ಕಮ್ಮ